ಪ್ಲಾಸ್ಮಾದಲ್ಲಿ ಎಲೆಕ್ಟ್ರಾನ್ ಎಣಿಸೋದು ಹೇಗೆ?

ಪ್ರಶ್ನೆ: 13.56 ಮೆಗಾಹರ್ಟ್ಸ್ ರೇಡಿಯೋ ಆವರ್ತನದ (ಆರ್‌ಎಫ್) ವಿದ್ಯುತ್ತಿನಿಂದ ಎಬ್ಬಿಸಿದ ಆರ್ಗಾನ್ ಪ್ಲಾಸ್ಮಾದಲ್ಲಿ (ಎಲೆಕ್ಟ್ರಾನ್‌ಗಳು ಬಿಡಿಯಾಗಿ ಓಡಾಡುವ ಅನಿಲ) ಲ್ಯಾಂಗ್‌ಮ್ಯೂರ್ ಪ್ರೋಬ್ (ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆಯುವ ತಂತಿ) ಇಟ್ಟಿದ್ದೇನೆ. ಎಲೆಕ್ಟ್ರಾನ್ ತಾಪಮಾನ ಯಾಕೋ ಜಾಸ್ತಿ ಬರುತ್ತಿದೆ. ಎಲೆಕ್ಟ್ರಾನ್ ಸಾಂದ್ರತೆಯ ಲೆಕ್ಕವನ್ನಾದರೂ ನಂಬಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಪ್ಲಾಸ್ಮಾದ ವೋಲ್ಟೇಜೇ ಆರ್‌ಎಫ್ ಜೊತೆ ಕುಣಿಯುತ್ತಿರುತ್ತದೆ. ಮೀಟರಿಗೆ ಸಿಗುವುದು ಬರೀ ಸರಾಸರಿ, ಹಾಗಾಗಿ ವೋಲ್ಟೇಜ್-ಕರೆಂಟ್ ಕರ್ವ್ ಹಿಗ್ಗಿ ತಾಪಮಾನ ಜಾಸ್ತಿ ಕಾಣುತ್ತದೆ. ಪ್ರೋಬಿನ ತುದಿಯ ಹತ್ತಿರವೇ ಚೋಕ್ (ಆರ್‌ಎಫ್ ತಡೆಯುವ ಸುರುಳಿ) ಹಾಕಿ. ಮೀಟರ್ ಪಕ್ಕ ಹಾಕಿದರೆ ಸುಮ್ನೆ ದಂಡ.

ನನ್ನನ್ನು ಕೇಳಿದರೆ ಹೇರ್‌ಪಿನ್ ಪ್ರೋಬೇ ವಾಸಿ. ಅದು ಯು ಆಕಾರದ ತಂತಿ, ಅಷ್ಟೇ. ಅದರ ಅನುರಣನ ಆವರ್ತನ (ವಿದ್ಯುತ್ ಸಂಕೇತಕ್ಕೆ ಅದು ಅತಿ ಜೋರಾಗಿ ಸ್ಪಂದಿಸುವ ಆವರ್ತನ) ನಿರ್ವಾತದಲ್ಲಿ 2.5 ಗಿಗಾಹರ್ಟ್ಸ್ ಇದ್ದದ್ದು ಪ್ಲಾಸ್ಮಾದಲ್ಲಿ 2.7ಕ್ಕೆ ಏರಿತು ಅನ್ನಿ. ಎರಡರ ವರ್ಗಗಳ ವ್ಯತ್ಯಾಸ 1.04. ಅದನ್ನು 0.81ರಿಂದ ಭಾಗಿಸಿ, ಸಾವಿರ ಕೋಟಿಯಿಂದ ಗುಣಿಸಿ. ಘನ ಸೆಂಟಿಮೀಟರಿಗೆ ಸುಮಾರು 1,280 ಕೋಟಿ ಎಲೆಕ್ಟ್ರಾನ್! ತಂತಿಯ ಸುತ್ತ ಎಲೆಕ್ಟ್ರಾನ್ ಕಡಿಮೆಯಿರುವ ಪದರವೊಂದು ಇರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ತುಸು ಜಾಸ್ತಿಯೇ.