‘ದಿ ಬಾಡಿಗಾರ್ಡ್’ ಸಿನಿಮಾದಲ್ಲಿ ಕೊಲೆ ಬೆದರಿಕೆ ಇರುವ ಕಪ್ಪು ಗಾಯಕಿ ರೇಚಲ್ (ವಿಟ್ನಿ ಹ್ಯೂಸ್ಟನ್) ಮತ್ತು ಅವಳ ಬಿಳಿಯ ಅಂಗರಕ್ಷಕ ಫ್ರಾಂಕ್ (ಕೆವಿನ್ ಕಾಸ್ಟ್ನರ್) ಪ್ರೀತಿಗೆ ಬೀಳುತ್ತಾರೆ. ಆದರೆ ಯಾರೂ ಮೈಬಣ್ಣದ ಮಾತೇ ಎತ್ತಲ್ಲ. ಇದು ಒಳ್ಳೆಯದಾ, ಕೊರತೆಯಾ?

ಎರಡೂ ಹೌದು. ಪ್ರೀತಿಯ ಭಾಗದಲ್ಲಿ ಆ ಮೌನ ಚೆನ್ನಾಗಿ ಕೂತಿದೆ, ಥ್ರಿಲ್ಲರ್ ಭಾಗದಲ್ಲಿ ಕೈಕೊಟ್ಟಿದೆ. ಸಿನಿಮಾ ನೋಡಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಕೊಲೆಯ ಸಂಚು ಯಾರದ್ದು ಅಂತ ಮುಂದೆ ಹೇಳಿಬಿಡುತ್ತೇನೆ.

ಲಾರೆನ್ಸ್ ಕ್ಯಾಸ್ಡನ್ ಈ ಕಥೆ ಬರೆದದ್ದು 1970ರ ದಶಕದಲ್ಲಿ, ನಟ ಸ್ಟೀವ್ ಮೆಕ್‌ಕ್ವೀನ್ ಅವರನ್ನು ಮನಸ್ಸಲ್ಲಿಟ್ಟುಕೊಂಡು. ಸಿನಿಮಾ ಬಂದದ್ದು 1992ರಲ್ಲಿ. ವಿಟ್ನಿ ಹ್ಯೂಸ್ಟನ್ ಅವರೇ ಬೇಕು ಅಂತ ಹಠ ಹಿಡಿದವರು ಕೆವಿನ್ ಕಾಸ್ಟ್ನರ್. ವಿಟ್ನಿ ಅವರ ಸಂಗೀತ ಪ್ರವಾಸ ಮುಗಿಯುವವರೆಗೂ ಕಾದರು. ಅಮೆರಿಕದಲ್ಲಿ ಕಪ್ಪು-ಬಿಳಿ ಮದುವೆಗೆ ಇದ್ದ ಕಾನೂನಿನ ಅಡ್ಡಿ ಎಲ್ಲ ರಾಜ್ಯಗಳಲ್ಲೂ ಬಿದ್ದುಹೋದದ್ದೇ 1967ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನಿಂದ. ಇಪ್ಪತ್ತೈದೇ ವರ್ಷಕ್ಕೆ ಇಂಥ ಜೋಡಿಯನ್ನು ದೊಡ್ಡ ಬಜೆಟ್ಟಿನ ಸಿನಿಮಾದಲ್ಲಿ ತೋರಿಸಿ, ಅದಕ್ಕೆ ಯಾವ ವಿವರಣೆಯನ್ನೂ ಕೊಡದೆ ಇರುವುದು ಸಣ್ಣ ವಿಷಯ ಅಲ್ಲ.

ಫ್ರಾಂಕ್ ಮನೆಯ ಕತ್ತಿಯ ದೃಶ್ಯ ನೆನಪಿದೆಯಾ? ರೇಚಲ್ ಸಮುರಾಯ್ ಕತ್ತಿಯನ್ನು ಒರೆಯಿಂದ ತೆಗೆದು ಅವನತ್ತ ಚಾಚುತ್ತಾಳೆ. ಅವನು ಅವಳ ರೇಷ್ಮೆ ಸ್ಕಾರ್ಫನ್ನು ಮೇಲಕ್ಕೆ ಎಸೆಯುತ್ತಾನೆ. ಅದು ಮೆಲ್ಲಗೆ ಇಳಿದು ಅಲಗಿಗೆ ತಾಗಿದ್ದೇ ತಡ, ಎರಡು ಚೂರಾಗುತ್ತದೆ. ಆ ಹೊತ್ತಿನಲ್ಲಿ ಅವಳು ಯಾರ ದಯೆಯಲ್ಲೂ ಇಲ್ಲ. ಹಣ, ಹೆಸರು, ಮನೆ, ಮಗ, ತಂಡ ಎಲ್ಲ ಅವಳದ್ದು, ಫ್ರಾಂಕ್ ಅವಳ ಹತ್ತಿರ ಸಂಬಳಕ್ಕಿರುವವನು. ಕಪ್ಪು ಹೆಣ್ಣುಮಕ್ಕಳನ್ನು ಕೆಲಸದವಳೋ ಗೆಳತಿಯೋ ಮಾಡಿ ಪಕ್ಕಕ್ಕೆ ಕೂರಿಸುತ್ತಿದ್ದ ಹಾಲಿವುಡ್‌ನಲ್ಲಿ ಇದು ನಿಜವಾದ ಪ್ರಾತಿನಿಧ್ಯ, ಅಲ್ವಾ? ಇಲ್ಲಿ ಬಣ್ಣದ ಬಗ್ಗೆ ಭಾಷಣ ಹಾಕಿದ್ದರೆ ದೃಶ್ಯವೇ ಹಾಳಾಗುತ್ತಿತ್ತು.

ಆದರೆ ಬೆದರಿಕೆ ಪತ್ರಗಳ ವಿಷಯಕ್ಕೆ ಬನ್ನಿ. ಪತ್ರ ಬರುವುದು ಅಮೆರಿಕದ ಒಬ್ಬ ಕಪ್ಪು ಗಾಯಕಿಗೆ. ಇದರ ಹಿಂದೆ ಜನಾಂಗ ದ್ವೇಷ ಇರಬಹುದಾ ಅಂತ ರಕ್ಷಣೆಗೆ ನಿಂತ ಒಬ್ಬನೂ ಕೇಳುವುದಿಲ್ಲ! ಪತ್ತೇದಾರಿ ಲೆಕ್ಕದಲ್ಲಿ ನೋಡಿದರೂ ಅದೇ ಮೊದಲ ಪ್ರಶ್ನೆ ಆಗಬೇಕಿತ್ತು. ಕಥೆ ನಡೆಯುವುದು ಲಾಸ್ ಏಂಜಲೀಸ್‌ನಲ್ಲಿ. ಸಿನಿಮಾ ತೆರೆಗೆ ಬಂದ ವರ್ಷವೇ, ಏಪ್ರಿಲ್ ಕೊನೆಯಲ್ಲಿ, ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಹೊಡೆದ ಪೊಲೀಸರು ಖುಲಾಸೆಯಾದರು ಅಂತ ಆ ಊರು ಹೊತ್ತಿ ಉರಿದಿತ್ತು. ಶೂಟಿಂಗ್ ಅದಕ್ಕೂ ಮೊದಲೇ ಮುಗಿದಿತ್ತು, ಒಪ್ಪುತ್ತೇನೆ. ಆದರೆ ಆ ಹೊಡೆತದ ವಿಡಿಯೋವನ್ನು ದೇಶ 1991ರಲ್ಲೇ ನೋಡಿತ್ತು.

ನನಗೆ ಜಾಸ್ತಿ ಬೇಜಾರಾಗುವುದು ನಿಕಿ ಪಾತ್ರದ ಬಗ್ಗೆ. ರೇಚಲ್‌ಳ ಒಡಹುಟ್ಟಿದವಳು, ಸಿನಿಮಾದಲ್ಲಿ ತೂಕ ಇರುವ ಇನ್ನೊಬ್ಬಳೇ ಕಪ್ಪು ಹೆಂಗಸು. ಅವಳಿಗೆ ಸಿಕ್ಕಿದ್ದು ಹೊಟ್ಟೆಕಿಚ್ಚು, ಅಷ್ಟೇ. ಸುಪಾರಿ ಕೊಟ್ಟವಳು ಅವಳೇ, ಹಣ ಕೈಬಿಟ್ಟಾಗಿದೆ, ಇನ್ನು ಕೊಲೆಗಾರನನ್ನು ತಡೆಯೋಕೆ ಆಗಲ್ಲ ಅಂತ ಒಪ್ಪಿಕೊಳ್ಳುತ್ತಾಳೆ, ಸ್ವಲ್ಪ ಹೊತ್ತಿಗೇ ಗುಂಡಿಗೆ ಬಲಿಯಾಗುತ್ತಾಳೆ. ಒಬ್ಬಳಿಗೆ ಇಷ್ಟೆಲ್ಲ ಕೊಟ್ಟು ಇನ್ನೊಬ್ಬಳನ್ನು ಸುಮ್ನೆ ಕಥೆಯ ತಿರುವಿಗೆ ಬಳಸಿ ಬಿಟ್ಟರು. ಅಕ್ಕತಂಗಿಯರು ಇಬ್ಬರೇ ಕೂತು ಮನಸ್ಸು ಬಿಚ್ಚಿ ಮಾತಾಡುವ ಒಂದು ಉದ್ದನೆಯ ದೃಶ್ಯ ಇದ್ದಿದ್ದರೆ ಆ ಸಾವು ನಮ್ಮನ್ನೂ ತಟ್ಟುತ್ತಿತ್ತು, ಥ್ರಿಲ್ಲರ್ ಕೂಡ ಗಟ್ಟಿಯಾಗುತ್ತಿತ್ತು.