ಬಳ್ಳಾರಿಯ ಕೋರ್ಟಿನಿಂದ ಲಂಡನ್ನಿಗೆ ಬರಬಯಸುವ ವಕೀಲರಿಗೆ

ಬಳ್ಳಾರಿಯ ಜಿಲ್ಲಾ ನ್ಯಾಯಾಲಯದಲ್ಲಿ ಹಿರಿಯ ವಕೀಲರೊಬ್ಬರ ಜೊತೆಗಿದ್ದು ಗಣಿ ಪ್ರಕರಣಗಳನ್ನು ನೋಡಿಕೊಂಡಿರುವ ನೀವು, ಲಂಡನ್ನಿನಲ್ಲಿ ವೈಟ್ ಕಾಲರ್ ಅಪರಾಧಗಳ, ಅಂದರೆ ವಂಚನೆ, ಲಂಚದಂಥ ವ್ಯವಹಾರದ ಅಪರಾಧಗಳ, ವಕೀಲಿಕೆಗೆ ಇಳಿಯಬಹುದೇ, ಇಲ್ಲಿನ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ಖಂಡಿತ ಬರಬಹುದು. ಆದರೆ ವಕೀಲಿಕೆಯಲ್ಲಿ ನಿಮಗೆ ಪ್ರಿಯವಾದದ್ದು ಪಾಟೀಸವಾಲು ಎಂದಾದರೆ ಇನ್ನೊಮ್ಮೆ ಯೋಚಿಸಿ. ಇಲ್ಲಿ ಗಂಭೀರ ಅಪರಾಧಗಳ ವಿಚಾರಣೆ ನಡೆಯುವ ಕ್ರೌನ್ ಕೋರ್ಟಿನಲ್ಲಿ ವಾದ ಮಂಡಿಸುವುದು ಬಹುಪಾಲು ಬ್ಯಾರಿಸ್ಟರರ ಕೆಲಸ. ಕಕ್ಷಿದಾರರಿಗೆ ಸಲಹೆ ಕೊಟ್ಟು ಪ್ರಕರಣ ಸಿದ್ಧಪಡಿಸುವ ಸಾಲಿಸಿಟರನ ದಿನಗಳು ಕಂಪನಿಯೊಳಗಿನ ತನಿಖೆಯಲ್ಲಿ, ಇಮೇಲು, ಬಿಲ್ಲು, ಏಜೆಂಟರ ಒಪ್ಪಂದ ಮತ್ತು ಬ್ಯಾಂಕ್ ಲೆಕ್ಕಗಳನ್ನು ಓದುವುದರಲ್ಲಿ ಕಳೆಯುತ್ತವೆ.

ಆ ಓದಿನಲ್ಲಿ ನೀವು ಯಾರಿಗೂ ಕಡಿಮೆಯಿಲ್ಲ. ಅದಿರು ಸಾಗಣೆಯ ಪರ್ಮಿಟ್ಟು, ತೂಕದ ಚೀಟಿ, ಬಂದರಿನ ದಾಖಲೆ ಇವನ್ನು ಎದುರುಬದುರು ಇಟ್ಟು ವ್ಯತ್ಯಾಸ ಹಿಡಿಯುವುದನ್ನು ಕಲಿತವರಿಗೆ ಈ ಕೆಲಸದ ಅರ್ಧಭಾಗ ಆಗಲೇ ಕೈಗೆ ಬಂದಿರುತ್ತದೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಗಣಿ ವರದಿಯನ್ನು ಸಲ್ಲಿಸಿದ್ದು, ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರ ಜುಲೈನಲ್ಲಿ. ಬ್ರಿಟನ್ನಿನ 2010ರ ಲಂಚ ತಡೆ ಕಾಯ್ದೆ ಜಾರಿಗೆ ಬಂದದ್ದೂ ಅದೇ ತಿಂಗಳ ಮೊದಲ ದಿನ. ಆ ಕಾಯ್ದೆಯ 7ನೇ ಕಲಮನ್ನು ಈಗಲೇ ಓದಿಕೊಳ್ಳಿ. ಕಂಪನಿಯ ಪರವಾಗಿ ಕೆಲಸ ಮಾಡುವ ನೌಕರನಾಗಲಿ ಏಜೆಂಟನಾಗಲಿ ಅದಕ್ಕೆ ವ್ಯವಹಾರ ದೊರಕಿಸಲು ಜಗತ್ತಿನ ಯಾವ ಮೂಲೆಯಲ್ಲಿ ಲಂಚ ಕೊಟ್ಟರೂ ಕಂಪನಿಯೇ ಅಪರಾಧಿಯಾಗುತ್ತದೆ. ತಡೆಯಲು ತಕ್ಕ ವ್ಯವಸ್ಥೆ ಇಟ್ಟುಕೊಂಡಿದ್ದೆವು ಎಂದು ಸಾಬೀತುಪಡಿಸುವುದೊಂದೇ ಅದಕ್ಕಿರುವ ರಕ್ಷಣೆ. ಚೆಕ್‌ಪೋಸ್ಟಿನಲ್ಲಿ ಕೊಡುವ ಸಣ್ಣ ಮಾಮೂಲಿಗೂ ಈ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಲಂಚದ ವಿಷಯದಲ್ಲಿ ಕಂಪ್ಲಯನ್ಸ್, ಅಂದರೆ ಕಂಪನಿ ಕಾನೂನು ಪಾಲಿಸುವಂತೆ ನೋಡಿಕೊಳ್ಳುವ ಉದ್ಯೋಗ, ಇಲ್ಲಿ ಬೆಳೆದಿರುವುದು ಬಹುಮಟ್ಟಿಗೆ ಆ ಒಂದು ರಕ್ಷಣೆಯ ಸುತ್ತ. ವಂಚನೆಯನ್ನು ತಡೆಯದ ದೊಡ್ಡ ಸಂಸ್ಥೆಗಳನ್ನೂ 2025ರ ಸೆಪ್ಟೆಂಬರಿನಿಂದ ಇದೇ ಬಗೆಯ ಹೊಣೆಗೆ ಒಳಪಡಿಸಲಾಗಿದೆ. ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಗೂ 2018ರ ತಿದ್ದುಪಡಿಯಲ್ಲಿ ಇಂಥದೇ ಕಲಮು ಬಂದಿರುವುದರಿಂದ, ಮುಂದೆ ನೀವು ಊರಿಗೆ ಮರಳಿದರೂ ಕಲಿತದ್ದು ವ್ಯರ್ಥವಾಗದು.

ಹೆಚ್ಚು ಕಷ್ಟವಾಗುವುದು ಕಕ್ಷಿದಾರನ ವಿಷಯ. ಬಳ್ಳಾರಿಯಲ್ಲಿ ವಕಾಲತ್ತಿಗೆ ಸಹಿ ಹಾಕಿದವನು ನಿಮ್ಮ ಮನುಷ್ಯ. ಅವನ ಮನೆಯವರ ಮುಖವೂ ನಿಮಗೆ ಗೊತ್ತಿರುತ್ತದೆ. ಇಲ್ಲಿ ಕಂಪನಿ ನಿಮ್ಮನ್ನು ನೇಮಿಸಿದರೆ ಎದುರು ಕುಳಿತ ಮ್ಯಾನೇಜರ್ ನಿಮ್ಮ ಕಕ್ಷಿದಾರನಲ್ಲ. ನಾನು ಸಂಸ್ಥೆಯ ವಕೀಲ, ನೀವು ಹೇಳುವುದನ್ನು ಸಂಸ್ಥೆ ಬಯಸಿದರೆ ಸೀರಿಯಸ್ ಫ್ರಾಡ್ ಆಫೀಸಿಗೆ, ಅಂದರೆ ದೊಡ್ಡ ವಂಚನೆ, ಲಂಚಗಳ ತನಿಖೆ ನಡೆಸುವ ಸರ್ಕಾರಿ ಕಚೇರಿಗೆ, ಒಪ್ಪಿಸಬಹುದು ಎಂದು ಮೊದಲೇ ತಿಳಿಸಬೇಕು. ಭಯಗೊಂಡ ಮನುಷ್ಯನ ಕಣ್ಣು ನೋಡುತ್ತ ಆ ಮಾತು ಹೇಳುವುದು ನನಗೆ ಇಂದಿಗೂ ಹಗುರವಾಗಿಲ್ಲ. ಆದರೆ ಅದನ್ನು ಅಸ್ಪಷ್ಟವಾಗಿ ಹೇಳುವುದು ಅವನಿಗೆ ಬಗೆಯುವ ದ್ರೋಹ. ಆ ಕಚೇರಿಗೆ 1987ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 2ನೇ ಕಲಮಿನಡಿ ಉತ್ತರ ಕೊಡಲೇಬೇಕೆಂದು ಒತ್ತಾಯಿಸುವ ಅಧಿಕಾರವಿದೆ. ಹಾಗೆ ಪಡೆದ ಹೇಳಿಕೆಯನ್ನು ಸಾಮಾನ್ಯವಾಗಿ ಹೇಳಿದವನ ವಿರುದ್ಧವೇ ಸಾಕ್ಷ್ಯವಾಗಿ ಬಳಸುವಂತಿಲ್ಲವಾದರೂ, ಮೌನದ ಹಕ್ಕನ್ನು ನೆಚ್ಚಿಕೊಂಡು ಬೆಳೆದ ನಮಗೆ ಇದು ಒಗ್ಗಲು ಸಮಯ ಬೇಕು. ಒಬ್ಬ ವ್ಯಕ್ತಿಯ ಪರವಾಗಿ ನಿಲ್ಲುವುದೇ ನಿಮ್ಮ ಸ್ವಭಾವವಾದರೆ, ನಿರ್ದೇಶಕರನ್ನೂ ನೌಕರರನ್ನೂ ಪ್ರತ್ಯೇಕವಾಗಿ ಪ್ರತಿನಿಧಿಸುವ ಚಿಕ್ಕ ಸಂಸ್ಥೆಗಳನ್ನು ಹುಡುಕಿ. ಸಂಬಳ ಕಡಿಮೆ ಇರಬಹುದು, ಮನಸ್ಸಿಗೆ ಹೆಚ್ಚು ಒಪ್ಪುತ್ತದೆ.

ಇಲ್ಲಿ ಸಾಲಿಸಿಟರ್ ಆಗಲು ಬರೆಯಬೇಕಾದ ಎಸ್‌ಕ್ಯೂಇ ಎಂಬ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಸ್‌ಕ್ಯೂಇಯ ಮೊದಲ ಹಂತದಲ್ಲಿ 360 ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ. ಎರಡನೆಯದರಲ್ಲಿ ಬರೆಯುವ, ಮಾತಾಡುವ ಕೌಶಲಗಳನ್ನು ನೋಡುತ್ತಾರೆ. ಅರ್ಹ ವಕೀಲರಾಗಿ ನೋಂದಾಯಿಸಿಕೊಂಡು ಬಂದವರಿಗೆ ಎರಡು ವರ್ಷದ ಕಡ್ಡಾಯ ಅನುಭವದ ಷರತ್ತಿಲ್ಲವಾದ್ದರಿಂದ ಸನ್ನದನ್ನು ಬಿಟ್ಟುಕೊಡಬೇಡಿ. ಪ್ರಾರಂಭದಲ್ಲಿ ದಾಖಲೆ ಪರಿಶೀಲನೆಯ ತಾತ್ಕಾಲಿಕ ಕೆಲಸ ಸಿಕ್ಕರೆ ಒಪ್ಪಿಕೊಳ್ಳಿ, ಅದರಲ್ಲಿ ಅವಮಾನವೇನೂ ಇಲ್ಲ.

ಬದುಕಿನ ವಿಷಯದಲ್ಲಿ ಚಳಿಗಿಂತ ನನ್ನನ್ನು ಕಾಡಿದ್ದು ಗೋಪ್ಯತೆ. ಬಳ್ಳಾರಿಯಲ್ಲಿ ಸಂಜೆ ಮಿರ್ಚಿ ಒಗ್ಗರಣೆಯ ಮುಂದೆ ಕುಳಿತು ಅಂದಿನ ಕೇಸಿನ ಬಗ್ಗೆ ಗೆಳೆಯರೊಡನೆ ಮಾತಾಡುವ ಅಭ್ಯಾಸ ನಮಗಿದೆ. ಇಲ್ಲಿ ಯಾವ ಕಂಪನಿಯ ಕೆಲಸ ಎಂಬುದನ್ನು ಹೆಂಡತಿಗೂ ಹೇಳುವಂತಿಲ್ಲ. ಆದ್ದರಿಂದ ಕೆಲಸಕ್ಕೆ ಸಂಬಂಧವಿಲ್ಲದ ಸ್ನೇಹಗಳನ್ನು, ಕನ್ನಡ ಬಳಗವನ್ನು, ಬಂದ ಹೊಸದರಲ್ಲೇ ಕಟ್ಟಿಕೊಳ್ಳಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ನೀವು ದುಡಿದ ಗಣಿ ಪ್ರಕರಣವೊಂದನ್ನು, ಕಕ್ಷಿದಾರರ ಗುರುತು ಬಿಟ್ಟುಕೊಡದೆ, ಯಾವ ದಾಖಲೆಯಿಂದ ಏನು ಸಾಬೀತಾಯಿತು ಎಂಬ ಕ್ರಮದಲ್ಲಿ ಎರಡು ಪುಟ ಇಂಗ್ಲಿಷಿನಲ್ಲಿ ಬರೆದು ನನಗೆ ಕಳುಹಿಸಿ. ಓದಿ, ತಿದ್ದಿ, ಯಾರಿಗೆ ತೋರಿಸಬೇಕೆಂದು ಹೇಳುತ್ತೇನೆ.