ಬೆರಳು ಎತ್ತುವ ಕಲೆ

ಮಾನ್ಯರೇ,

ಅಮೆರಿಕದ ಜಾಝ್ ಗಾಯಕಿ ಕಾರ್ಮೆನ್ ಮೆಕ್‌ರೇ ಅವರ ‘ಫೈನ್ ಆ್ಯಂಡ್ ಮೆಲೋ’ ಆಲ್ಬಂ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದನ್ನು ಓದಿ, ಅದನ್ನು ಹುಡುಕಿ, ಎರಡು ಸಲ ಪೂರ್ತಿ ಕೇಳಿ ಪತ್ರ ಬರೆದಿದ್ದೀರಿ. ಅಷ್ಟು ಶ್ರಮ ತೆಗೆದುಕೊಂಡದ್ದಕ್ಕೆ ಕೃತಜ್ಞರು. ನಿಮ್ಮ ಮುಖ್ಯ ಆಕ್ಷೇಪಗಳು ಮೂರು. ಆರ್ಗನ್ ಪ್ರಾರ್ಥನೆಯ ವಾದ್ಯ, ಪ್ರೇಮಗೀತೆಗೆ ಒಗ್ಗುವುದಿಲ್ಲ. ಗಾಯಕಿಯ ದನಿ ಒರಟಾಗಿದೆ. ಎಲ್ಲರೂ ಹಾಡಿ ಸವೆದ ಹಾಡುಗಳನ್ನು ಮತ್ತೆ ಹಾಡಿದ್ದೇಕೆ?

ಆರ್ಗನ್ ಕೇಳಿದಾಗ ಚರ್ಚ್ ನೆನಪಾಯಿತು ಎಂದಿರಿ. ನಿಮ್ಮ ಕಿವಿ ತಪ್ಪಿಲ್ಲ. 1935ರಲ್ಲಿ ಮಾರುಕಟ್ಟೆಗೆ ಬಂದ, ವಿದ್ಯುತ್ತಿನಿಂದ ನಡೆಯುವ ಹ್ಯಾಮಂಡ್ ಆರ್ಗನ್ನನ್ನು, ದೊಡ್ಡ ಕೊಳವೆ ಆರ್ಗನ್ನಿಗೆ ಹಣವಿಲ್ಲದ ಅನೇಕ ಚರ್ಚುಗಳು ಕೊಂಡವು. ಕಪ್ಪು ಜನರ ಪ್ರಾರ್ಥನೆಗಳಲ್ಲಿ ಪಳಗಿದ ಆ ನಾದವೇ ಜಾಝ್ ಕ್ಲಬ್ಬುಗಳಿಗೂ ಬಂತು. ಕೊಳವೆ ಆರ್ಗನ್ನಿಗೆ ಬೇಕಾದ ಗಾಳಿಗೆ ಹ್ಯಾಮಂಡ್‌ನೊಳಗೆ ಕೆಲಸವೇ ಇಲ್ಲ. ಅಂಚಿನಲ್ಲಿ ಉಬ್ಬುತಗ್ಗುಗಳಿರುವ ಲೋಹದ ಚಕ್ರಗಳು ಅಯಸ್ಕಾಂತಗಳ ಮುಂದೆ ತಿರುಗಿ ಸ್ವರ ಹುಟ್ಟಿಸುತ್ತವೆ. ಹೆಸರಾಂತ ಬಿ-3 ಮಾದರಿಯಲ್ಲಿ ಅಂಥ 91 ಚಕ್ರಗಳಿವೆ.

ಪಿಯಾನೋದ ಸ್ವರ ಹುಟ್ಟಿದ ಗಳಿಗೆಯಿಂದಲೇ ಕರಗತೊಡಗುತ್ತದೆ. ಹ್ಯಾಮಂಡ್‌ನ ಸ್ವರ ಮಣೆಯಿಂದ ಬೆರಳು ಎತ್ತುವ ತನಕ ಕುಂದದೆ ನಿಂತಿರುತ್ತದೆ. ಹಾಗಾಗಿ ಗಾಯಕಿಯ ಜೊತೆ ಕೂರುವ ಆರ್ಗನ್ ವಾದಕ ಮುಖ್ಯವಾಗಿ ಕಲಿಯಬೇಕಾದದ್ದು ಬೆರಳು ಎತ್ತುವುದನ್ನು. ಎತ್ತದಿದ್ದರೆ ಹಾಡುವವಳಿಗೆ ಉಸಿರಾಡಲೂ ಜಾಗ ಉಳಿಯುವುದಿಲ್ಲ. ಈ ಆಲ್ಬಂನಲ್ಲಿ ಆರ್ಗನ್ ನುಡಿಸಿದವರು ಜ್ಯಾಕ್ ಮೆಕ್‌ಡಫ್. ಸಾಮಾನ್ಯವಾಗಿ ಆರ್ಗನ್ ತಂಡಗಳಲ್ಲಿ ಬಾಸ್, ಅಂದರೆ ತಗ್ಗಿನ ಸ್ವರಗಳನ್ನು, ನುಡಿಸಲು ಬೇರೆ ವಾದಕ ಇರುವುದಿಲ್ಲ. ಎಡಗೈ ಮತ್ತು ಪಾದಗಳಲ್ಲಿ ಆರ್ಗನ್ ವಾದಕನೇ ಆ ಕೆಲಸವನ್ನೂ ಹೊರುತ್ತಾನೆ. ಈ ಆಲ್ಬಂನಲ್ಲಿ ಜಾನ್ ಕ್ಲೇಟನ್ ಅವರ ಬಾಸ್ ಇದೆ. ಹೊರೆ ಇಳಿದ ಮೆಕ್‌ಡಫ್‌ಗೆ ಗಾಯಕಿಯ ಮಾತಿಗೆ ಕಿವಿಗೊಡಲು ಬಿಡುವು ಸಿಕ್ಕಿತು ಎಂದು ನಾನು ನಂಬುತ್ತೇನೆ. ಫಿಲ್ ಅಪ್‌ಚರ್ಚ್ ಅವರ ಗಿಟಾರ್‌ನದು ಬೇರೆಯೇ ಗುಣ: ಮೀಟಿದೊಡನೆ ನಾದ ಅಡಗತೊಡಗುತ್ತದೆ. ಆರ್ಗನ್ ಅಂಗಳ ಸಾರಿಸಿಟ್ಟರೆ ಗಿಟಾರ್ ಅದರ ಮೇಲೆ ಚುಕ್ಕಿ ಇಡುತ್ತದೆ.

ಸ್ಯಾಕ್ಸೊಫೋನ್ ಹೆಚ್ಚಾಯಿತು ಎಂದು ಪತ್ರದ ಕೊನೆಯಲ್ಲಿ ಸೇರಿಸಿದ್ದೀರಿ. ಅದನ್ನು ಒಪ್ಪುತ್ತೇನೆ. ಅದನ್ನು ನುಡಿಸಿದ ರೆಡ್ ಹಾಲೊವೇ 1960ರ ದಶಕದಲ್ಲೇ ಮೆಕ್‌ಡಫ್ ತಂಡದಲ್ಲಿದ್ದವರು. ಹಳೆಯ ಗೆಳೆಯರು ಸೇರಿದಾಗ ಮಾತು ಉದ್ದವಾಗುತ್ತದೆ.

ಇನ್ನು ದನಿ. ಈ ಹಾಡುಗಳನ್ನು 1987ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ಕ್ಲಬ್ಬೊಂದರಲ್ಲಿ, ಕೇಳುಗರ ಎದುರೇ ಧ್ವನಿಮುದ್ರಿಸಿಕೊಂಡರು. 1920ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಮೆಕ್‌ರೇಗೆ ಆಗ 67 ವರ್ಷ. ದನಿ ತಗ್ಗಿದೆ, ಒರಟಾಗಿದೆ, ನಿಜ. ಆದರೆ ಆಕೆ ಪದಗಳನ್ನು ತಾಳಕ್ಕಿಂತ ತುಸು ಹಿಂದೆ ಬಿಟ್ಟು, ಎದುರು ಕೂತವರಿಗೆ ಹೇಳುವಂತೆ ಹಾಡುತ್ತಾರೆ. ಒಂದಕ್ಷರವೂ ನುಣುಚಿಕೊಳ್ಳುವುದಿಲ್ಲ.

ನಿಮ್ಮ ಮೂರನೆಯ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ. ಆಲ್ಬಂಗೆ ಹೆಸರು ಕೊಟ್ಟ ಹಾಡನ್ನು ಹೆಸರಾಂತ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ 1939ರಲ್ಲಿ ಧ್ವನಿಮುದ್ರಿಸಿದರು. ಅದೇ ವರ್ಷ, ಇನ್ನೂ ಹರೆಯದಲ್ಲಿದ್ದ ಮೆಕ್‌ರೇ ಬರೆದ ‘ಡ್ರೀಮ್ ಆಫ್ ಲೈಫ್’ ಹಾಡನ್ನೂ ಹಾಲಿಡೇ ಹಾಡಿದ್ದರು. ತನ್ನನ್ನು ಮೊದಲು ಗುರುತಿಸಿದವರಲ್ಲಿ ಒಬ್ಬಾಕೆಯ ಹಾಡನ್ನು 48 ವರ್ಷಗಳ ಮೇಲೆ ಕೈಗೆತ್ತಿಕೊಳ್ಳುವುದು ಸವೆದದ್ದನ್ನು ಮತ್ತೆ ಸವೆಸಿದಂತೆ ಆಗುತ್ತದೆಯೇ? ತನ್ನನ್ನು ಕೆಟ್ಟದಾಗಿ ನಡೆಸಿಕೊಳ್ಳುವ ಗಂಡಸಿನ ಮೇಲೆ ಹೆಣ್ಣೊಬ್ಬಳ ದೂರು ‘ಫೈನ್ ಆ್ಯಂಡ್ ಮೆಲೋ’. 24ರ ಹಾಲಿಡೇ ದನಿಯಲ್ಲಿ ಅದು ಅಳಲು. ಮೆಕ್‌ರೇ ಹಾಡಿದಾಗ ಅವನಿಂದ ಲೆಕ್ಕ ಕೇಳುತ್ತಿದ್ದಾರೆ ಎನಿಸುತ್ತದೆ. ನೀವು ಒರಟು ಎಂದ ಆ ದನಿಯಿಲ್ಲದೆ ಅದು ಆಗುತ್ತಿರಲಿಲ್ಲ.

ನಮ್ಮ ಬರಹದಲ್ಲಿ ಮೆಕ್‌ಡಫ್ ಹೆಸರೇ ಬಿಟ್ಟುಹೋಗಿತ್ತು. ಅದು ನಮ್ಮ ತಪ್ಪು. ಮೂರನೆಯ ಸಲ ಕೇಳುವುದಾದರೆ ಆಕೆ ಸಾಲು ಮುಗಿಸಿ ಉಸಿರೆಳೆದುಕೊಳ್ಳುವ ಕಡೆಗಳಲ್ಲಿ ಆರ್ಗನ್ ಏನು ಮಾಡುತ್ತದೆ ಎಂಬುದಕ್ಕಷ್ಟೇ ಕಿವಿಗೊಡಿ. ಆಮೇಲೂ ಮನಸ್ಸು ಬದಲಾಗದಿದ್ದರೆ ಮತ್ತೊಮ್ಮೆ ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ